ಉಗುರಿನಷ್ಟು ಕನ್ನಡಿಗೆ ಹಚ್ಚಿದ ವಿಭೂತಿ

ದಸರೆಯ ಖಂಡೇಪೂಜೆಯ ದಿನ ನಮ್ಮ ಮನೆಯಲ್ಲಿ ದುಡಿಯುವ ಸಾಮಾನು ಒಂದೂ ಬಿಟ್ಟುಹೋಗಬಾರದು. ಅಂಬೇವಾಡಿಯ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ, ಯಜಮಾನರ ನಟ್ಟು ತಿರುಗಿಸುವ ಪಾನೆ, ನನ್ನ ಹೊಲಿಗೆ ಕತ್ತರಿ, ಈಳಿಗೆ, ಲಟ್ಟಣಿಗೆ ಎಲ್ಲವನ್ನೂ ಸಾಲಾಗಿಟ್ಟು ನೆನೆಸಿದ ವಿಭೂತಿ ಹಚ್ಚುತ್ತಿದ್ದೆ. ಧಾರವಾಡದಲ್ಲಿ ಸಂಶೋಧನೆ ಮಾಡುವ ನಾದಿನಿ ಹಿಂದಿನ ದಿನ ಬಂದಿದ್ದಳು. ಹಬ್ಬ ಮುಗಿಸಿ ಜೋಯಿಡಾ ದಾರಿ ಹಿಡಿದು ಗೋವಾದ ಪ್ರಯೋಗಾಲಯಕ್ಕೆ ಹೋಗುವವಳು.

"ನನ್ನ ಕೆಲಸ ಎಲ್ಲಾ ಇದರಾಗ ಐತಿ ವೈನಿ" ಎಂದು ಬಂದ ಕೂಡಲೇ ಒಂದು ಪುಟ್ಟ ಡಬ್ಬಿ ತೋರಿಸಿದ್ದಳು. ಹಾಗಾದರೆ ಅದಕ್ಕೂ ಪೂಜೆ ಆಗಬೇಕಲ್ಲ? ಅವಳು ಸ್ನಾನಕ್ಕೆ ಹೋದಾಗ ಮುಚ್ಚಳ ತೆಗೆದೆ. ಉಗುರಿನಷ್ಟು ಕನ್ನಡಿ ಚೂರು. ಮೂರು ಬೆರಳಿಗೆ ಜಾಗವಿಲ್ಲ, ಒಂದೇ ಬೆರಳಲ್ಲಿ ಎಳೆದೆ.

ತಲೆ ಒರೆಸುತ್ತ ಬಂದವಳು ಅಲ್ಲೇ ನಿಂತಳು.

"ಏನ ಮಾಡಿದ್ರಿ ವೈನಿ!"

ಗಾಬರಿಯಲ್ಲಿ ಸೆರಗಿನಿಂದ ಒರೆಸಿದೆ.

"ಒರಸಬ್ಯಾಡ್ರಿ, ಗೀರು ಬೀಳ್ತಾವ!"

ಒರೆಸಿ ಆಗಿತ್ತು. ಅವಳ ಮೂರು ವರ್ಷದ ದುಡಿಮೆ, ಇದ್ದದ್ದು ಅದೊಂದೇ ಚೂರು.

"ಹ್ವಾದ ವರ್ಷ ಸ್ವಿಚ್ಚಿಗೆ ಹಸಿ ವಿಭೂತಿ ಹಚ್ಚಿದಾಕಿ ಈಕಿ" ಎಂದರು ಯಜಮಾನರು. ಯಾರೂ ನಗಲಿಲ್ಲ.

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತು ತಿಳಿಸಿ ಹೇಳಿದಳು.

"ಇದರಾಗ ಎರಡು ಕನ್ನಡಿ ಅದಾವ, ನಡುವ ಕೂದಲಕ್ಕಿಂತ ತೆಳ್ಳಂದು ಅರೆವಾಹಕದ ಪದರ. ಒಳಗ ಸಿಕ್ಕ ಬೆಳಕು ಅತ್ತಿತ್ತ ಪುಟೀತೈತಿ. ಪಂಚಮಿಗೆ ಒಂದ ಟೊಂಗಿಗೆ ಎರಡು ಜೋಕಾಲಿ ಕಟ್ಟಿ ಒಂದನ್ನ ಜೀಕಿದ್ರ ಇನ್ನೊಂದೂ ಅಲಗಾಡತೈತಲ್ಲ, ಹಂಗ. ಬೆಳಕು ಪದರಕ್ಕ ಕೊಡತೈತಿ, ಪದರ ತಿರುಗಿ ಕೊಡತೈತಿ. ಅಷ್ಟು ಗಟ್ಟಿಯಾಗಿ ಕೂಡಿದ ಮ್ಯಾಲೆ ಇದು ಬೆಳಕು, ಇದು ವಸ್ತು ಅಂತ ಬ್ಯಾರೆ ಮಾಡಾಕ ಬರೂದಿಲ್ಲ. ಹೊರಗ ಬಂದ ಬೆಳಕನ್ನ ಬಣ್ಣ ಬಣ್ಣ ಬಿಡಿಸಿ ನೋಡಿದ್ರ, ಒಂದು ಗೆರಿ ಇರಬೇಕಾದಲ್ಲೆ ಎರಡು ಕಾಣತಾವ. ಆ ಎರಡನ್ನ ನೋಡಾಕ ನಾ ಹೊಂಟಿದ್ದು."

"ಗೀರು ಬಿದ್ದಿದ್ರ?"

"ಬೆಳಕು ಒಳಗ ನಿಲ್ಲೂದಿಲ್ಲ. ಸೋರಿ ಹೋಗತೈತಿ."

ಬೆಳಕೂ ಸೋರುತ್ತದೆ ಎಂದು ನಾನು ಕೇಳಿದ್ದೇ ಅಂದು. ಅದೂ ನನ್ನ ಬೆರಳಿನಿಂದ. ಒಲೆಯ ಮೇಲೆ ಹೂರಣ ಸೀದದ್ದೂ ತಿಳಿಯಲಿಲ್ಲ.

ಮರುದಿನ ಅವಳು ಬಸ್ಸು ಹತ್ತಿದಳು. ಮೂರನೆಯ ದಿನ ಫೋನು ಬಂತು.

"ವೈನಿ, ತೊಳದ ನೋಡಿದ್ವಿ. ನೀವು ಎಳದಲ್ಲೆ ಒಂದ ಗೆರಿ, ಅದೂ ಮಸುಕು. ಬೆರಳು ತಾಗದ ಮೂಲ್ಯಾಗ ಎರಡೂ ಗೆರಿ ಅದಾವ್ರಿ!"

ಸಾಸಿವೆಯಷ್ಟು ಮೂಲೆಯಂತೆ. ಅಷ್ಟು ಸಾಕಂತೆ. ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ.

"ಮುಂದಿನ ವರ್ಷ ಡಬ್ಬಿ ಮ್ಯಾಲೆ ಹಚ್ಚರಿ" ಎಂದಳು.

"ಬ್ಯಾಡ ಯವ್ವಾ. ದೂರಿಂದನ ಕೈ ಮುಗಿತೇನಿ."