ಫಿಲಿಪ್ ಎಂಬ ಕುದುರೆಪ್ರೇಮಿ

ನಮ್ಮ ಚಿಕ್ಕಪ್ಪ, ಅಂದರೆ ಚಿಕ್ಕಮ್ಮನ ಗಂಡ, ಅಮೆರಿಕದವರು. ಹುಟ್ಟಿದ ಮಗನಿಗೆ ತಮ್ಮ ತಾತನ ಹೆಸರು ಇಡಬೇಕೆಂದು ಅವರಿಗೆ ಆಸೆ: ಫಿಲಿಪ್. ಅದನ್ನು ಮಗುವಿನ ಕಿವಿಯಲ್ಲಿ ತನ್ನ ಅಮ್ಮನೇ ಹೇಳಬೇಕೆಂದು ಚಿಕ್ಕಮ್ಮನಿಗೆ ಆಸೆ. ಅದಕ್ಕೆಂದೇ ಅಜ್ಜಿ ಮೈಸೂರಿನಿಂದ ಅಮೆರಿಕದ ಫೇರ್‌ಫ್ಯಾಕ್ಸಿಗೆ ಬಂದಿದ್ದರು. ಬಂದವರು ನಾಮಕರಣದ ಬೆಳಿಗ್ಗೆ ಅಕ್ಕಿ ಹರವಿದ ತಟ್ಟೆಯ ಮುಂದೆ ಕೂತು, ಹೆಸರು ಬರೆಯಬೇಕಾದ ಚಿನ್ನದ ಉಂಗುರವನ್ನು ಕೆಳಗಿಟ್ಟುಬಿಟ್ಟರು.

“ಅರ್ಥ ಇಲ್ಲದ ಹೆಸರನ್ನ ನಾನು ಬರೆಯೋದೂ ಇಲ್ಲ, ಕಿವೀಲಿ ಹೇಳೋದೂ ಇಲ್ಲ. ಬೇಕಾದ್ರೆ ನೀವೇ ಕೂಗ್ಕೊಳ್ಳಿ.”

ಚಿಕ್ಕಮ್ಮನ ಮುಖ ಸಣ್ಣದಾಯಿತು. ಅದೇ ಊರಿನ ಹೈಸ್ಕೂಲಿನಲ್ಲಿದ್ದ ನಾನು, ಯಾರೂ ಕರೆಯದ ಪೇಜರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತೆ. ಹಿಂದಿನ ದಿನವೇ ಲೈಬ್ರರಿಯಲ್ಲಿ ನೋಡಿಕೊಂಡಿದ್ದೆ. ಓದಿದ್ದು ಒಂದು ಸಾಲು, ಹೇಳಿದ್ದು ಒಂದು ಪುರಾಣ.

“ಅಜ್ಜಿ, ಇದು ಗ್ರೀಕ್ ಹೆಸರು. ಕುದುರೆ ಅಂದ್ರೆ ಪ್ರೀತಿ ಇರೋನು ಅಂತ ಅರ್ಥ. ರಾಜರಿಗೆ ಇಡ್ತಿದ್ರು. ಬಡವರು ಇಟ್ಕೊಂಡ್ರೆ ಜೈಲಿಗೆ ಹಾಕ್ತಿದ್ರಂತೆ.”

ಜೈಲು ನನ್ನ ಸ್ವಂತ ಸಂಶೋಧನೆ.

ಅಜ್ಜಿ ಕಣ್ಣರಳಿಸಿದರು. “ಕುದುರೇನಾ? ಅಳಿಯಂದಿರ ತಾತನ ಹತ್ರ ಕುದುರೆ ಇತ್ತಾ, ಕೇಳು.”

ಕೇಳಿದೆ. ಚಿಕ್ಕಪ್ಪ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ತಾತ ರಾಕ್‌ವಿಲ್‌ನಲ್ಲಿ ಬಸ್ ಓಡಿಸುತ್ತಿದ್ದರು, ಕುದುರೆ ಕಂಡರೆ ರಸ್ತೆಯ ಆಚೆ ಬದಿಗೆ ಹೋಗಿಬಿಡುತ್ತಿದ್ದರು. ನಾನು ಅದನ್ನು ಕನ್ನಡಕ್ಕೆ ತಂದೆ.

“ಲಾಯದ ತುಂಬ ಇತ್ತಂತೆ ಅಜ್ಜಿ. ಒಂದು ಬಿಳೀದು ಅವರ ಜೊತೆ ಚರ್ಚಿಗೂ ಬರ್ತಿತ್ತಂತೆ.”

ಚಿಕ್ಕಮ್ಮ ಕೆಮ್ಮಿದರು. ಅತ್ತೆಯನ್ನು ಮೆಚ್ಚಿಸಲು ಚಿಕ್ಕಪ್ಪ ಗುಟ್ಟಾಗಿ ಕನ್ನಡ ಕಲಿಯುತ್ತಿದ್ದುದು ನನಗೆ ಗೊತ್ತಾದದ್ದು ಆಗಲೇ.

“ಇಲ್ಲ, ಅತ್ತೆ. ಕುದುರೆ ಇಲ್ಲ. ತಾತ ಬಸ್ ಓಡಿಸ್ತಾರೆ. ಕುದುರೆಗೆ ತುಂಬಾ ಭಯ.”

ನಾನು ಚಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಅಜ್ಜಿ ಅಳಿಯನನ್ನೇ ನೋಡುತ್ತ ಕೂತರು. ಆಮೇಲೆ ನಗುವಿಗೆ ಅವರ ಹೊಟ್ಟೆ ಕುಲುಕತೊಡಗಿತು.

“ನಮ್ಮಪ್ಪ ಜಟಕಾ ಓಡಿಸ್ತಿದ್ರು ಕಣಪ್ಪ. ನಮಗೆ ಊಟ ಇಲ್ದಿದ್ರೂ ಕುದುರೆಗೆ ಹುರುಳಿ ತಪ್ತಿರ್ಲಿಲ್ಲ. ಈ ಹೆಸರು ಅವರಿಗೇ ಇಡಬೇಕಿತ್ತು.”

ಉಂಗುರ ಮತ್ತೆ ಕೈಗೆ ಬಂತು. ಅಕ್ಕಿಯ ಮೇಲೆ ದುಂಡಗಿನ ಕನ್ನಡದಲ್ಲಿ ಫಿಲಿಪ್ ಮೂಡಿದ. “ಅಳಿಯಂದಿರೇ, ನಾಳೆಯಿಂದ ಅಂಗಡಿಗೆ ನನ್ನ ಜೊತೆ ನೀವೇ ಬನ್ನಿ. ಇವನು ಹಾಲು ಕೇಳಿದ್ರೆ ಹಸುನೇ ತರ್ತಾನೆ” ಎಂದು ನನ್ನ ದುಭಾಷಿ ಕೆಲಸ ಕಿತ್ತುಕೊಂಡು, ಮಗುವಿನ ಕಿವಿಗೆ ಬಾಗಿದರು. ಪಿಸುಮಾತು ಮುಗಿಯಲೇ ಇಲ್ಲ.

ಚಿಕ್ಕಮ್ಮ ನಗುತ್ತಲೇ ಕಣ್ಣೊರೆಸಿಕೊಂಡರು. “ಅಮ್ಮ, ಹೆಸರು ಹೇಳಿ ಆಯ್ತಲ್ಲ?”

“ಸುಮ್ನಿರೇ. ನಮ್ಮ ಕುದುರೆ ಹೆಸರು ಹೇಳ್ತಿದೀನಿ.”