ಗುಲಾಬಿ ಪಾತಿಯ ನಲವತ್ತಮೂರು ಕಲ್ಲು

ಬಾಯ್ಲರ್ ಮನೆಯ ಹಿಂದಿನ ಇಳಿಜಾರಿನಲ್ಲಿ ಸಂಶೋಧಕಿಯೊಬ್ಬಳು ಯಂತ್ರವೊಂದನ್ನು ತಳ್ಳಿಕೊಂಡು ಓಡಾಡತೊಡಗಿ ನಾಲ್ಕು ದಿನ. ನಾಲ್ಕೂ ದಿನ ಅಲಾಂಜೊ ಟಿನ್ಸ್‌ಲಿಗೆ ಊಟ ಸೇರಿಲ್ಲ.

ಅದು ನೆಲದೊಳಗಿನ ಗೋರಿ ಹುಡುಕುವ ಯಂತ್ರ. ಅಮೆರಿಕದ ವರ್ಜೀನಿಯಾದ ಈ ವಿಶ್ವವಿದ್ಯಾಲಯ ಕಟ್ಟಲು ಹಿಂದೆ ಇಟ್ಟಿಗೆ ಸುಟ್ಟ ಗುಲಾಮರನ್ನು ಎಲ್ಲಿ ಹೂಳಿದರೆಂದು ತಿಳಿಯಲು ಸಮಿತಿ ಕೂತಿತ್ತು. ಗುಲಾಮರ ವಂಶದವರ ಪರವಾಗಿ ಅದರಲ್ಲಿದ್ದವಳು ಅಲಾಂಜೊನ ಅಕ್ಕ ವರ್ಡೆಲ್. ಅವನು ಅಲ್ಲಿ ಮೂವತ್ತೆಂಟು ವರ್ಷದಿಂದ ಮಾಲಿ.

ಕೆಲಸಕ್ಕೆ ಸೇರಿದ ಎರಡನೆಯ ಬೇಸಿಗೆಯಲ್ಲಿ ಮೇಸ್ತ್ರಿ ಆ ಇಳಿಜಾರು ತೋರಿಸಿ, ಹುಲ್ಲು ಕತ್ತರಿಸಲು ಅಡ್ಡ ಬರುವ ಕಲ್ಲುಗಳನ್ನು ಕೀಳೆಂದಿದ್ದ. ಹೆಸರಿಲ್ಲದ ನಲವತ್ತಮೂರು ಕಲ್ಲು; ಸುತ್ತ ನೆಲ ಮುಚ್ಚಿದ ನೀಲಿ ಹೂಬಳ್ಳಿ. ಆ ಬಳ್ಳಿಯನ್ನು ತಮ್ಮವರು ಗೋರಿಯ ಮೇಲೆ ನೆಡುತ್ತಿದ್ದರೆಂದು ಅಜ್ಜಿ ಹೇಳಿದ್ದು ಅವನಿಗೆ ನೆನಪಿತ್ತು. ಆದರೂ ಬಾಯಿ ಬಿಡದೆ ಕಲ್ಲು ಕಿತ್ತು, ಕುಲಪತಿಯ ಮನೆಯ ಗುಲಾಬಿ ಪಾತಿಗೆ ಅಂಚು ಕಟ್ಟಿದ.

ಮಧ್ಯಾಹ್ನ ವರ್ಡೆಲ್ ಹುರಿದ ಮೀನಿನ ಡಬ್ಬಿ ಹಿಡಿದು ಬಂದಳು.

“ಏನೋ ಲಾನಿ, ನಿನ್ನ ಗಿಡಗಳಿಗಿಂತ ನೀನೇ ಬಾಡಿದೀಯಲ್ಲ.”

“ಯಂತ್ರ ಏನಂತಂತೆ, ಅಕ್ಕ?”

“ನಲವತ್ತೊಂದು ಗೋರಿ ಸಿಕ್ಕಿದಾವೆ. ಒಂದಕ್ಕೂ ಗುರುತಿನ ಕಲ್ಲಿಲ್ಲ. ಯಾವ ಪಾಪಿ ಕಿತ್ನೋ. ಸಿಕ್ಕಿದ್ರೆ ಚರ್ಚಿನ ಮೆಟ್ಲು ಹತ್ತಕ್ಕೆ ಬಿಡಲ್ಲ ನಾನು.”

ತನ್ನವರೆಂದು ಅಲಾಂಜೊನಿಗೆ ಉಳಿದಿದ್ದವಳು ಇವಳೊಬ್ಬಳೇ. ಮೇಸ್ತ್ರಿ ಸತ್ತು ಹದಿನಾರು ವರ್ಷ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸೋಮವಾರ ಗುಲಾಬಿ ಪಾತಿ ತೆಗೆದು ಕಾರು ನಿಲ್ಲಿಸಲು ಜಾಗ ಮಾಡುವವರಿದ್ದರು. ಕಲ್ಲು ಸಾಗಿಸಲು ಲಾರಿಗೆ ಹೇಳಿಯಾಗಿತ್ತು.

“ಕಿತ್ತಿದ್ದು ನಾನೇ,” ಎಂದ.

ವರ್ಡೆಲ್ ಮೀನಿನ ಡಬ್ಬಿಯನ್ನು ನೆಲಕ್ಕಿಟ್ಟಳು.

“ಗೊತ್ತಿದ್ದೂ?”

“ಗೊತ್ತಿದ್ದೂ. ಕೆಲಸ ಹೋಗತ್ತೆ ಅಂತ ಹೆದರಿದ್ದೆ.”

“ಈಗ ಹೆದರಿಕೆ ಇಲ್ವೇನು?”

“ಆಗಿನಕ್ಕಿಂತ ಜಾಸ್ತಿ ಇದೆ, ಅಕ್ಕ. ಆದ್ರೆ ಮೇಲಿನ ಸಾಲಿನ ಎಡಗಡೆಯಿಂದ ಕೀಳ್ತಾ ಬಂದೆ, ಅದೇ ಕ್ರಮದಲ್ಲಿ ಕುಲಪತಿ ಮನೆ ಗುಲಾಬಿ ಪಾತಿ ಸುತ್ತ ಹೂತೆ. ಯಾವ ಕಲ್ಲು ಎಲ್ಲೀದು ಅಂತ ಹೇಳಬಲ್ಲೆ. ಗೋರಿ ನಲವತ್ತೊಂದಲ್ಲ, ನಲವತ್ತಮೂರು. ಎರಡು ಕಲ್ಲು ಗೇಣುದ್ದವೂ ಇರ್ಲಿಲ್ಲ.”

“ಕೂಸುಗಳದ್ದು,” ಎಂದಳು ವರ್ಡೆಲ್. “ಹೋಗು, ಆ ಹುಡುಗಿಗೆ ಹೇಳು. ನಿನ್ನ ಜೊತೆ ನಾನು ಬರಲ್ಲ.”

ಅವನು ಇಳಿಜಾರು ಹತ್ತಿದ. ಸಂಶೋಧಕಿ ಯಂತ್ರ ನಿಲ್ಲಿಸಿ ತಲೆಯೆತ್ತಿದಳು. “ಇಲ್ಲಿನ ಕಲ್ಲು ಕಿತ್ತಿದ್ದು ನಾನು,” ಎಂದ ಅವನು.