ಅಂಗೈಯ ಕಾಮಣಿ

ಮಾವಿನ ತೊಗಟೆಯ ರಸಕ್ಕೆ ಸುಣ್ಣದ ನೀರು ಬಿದ್ದರೆ ಹಳದಿಯಾಗುತ್ತದೆ, ಅಷ್ಟೇ. ಅದರಿಂದ ಯಾರ ಕಾಮಣಿಯೂ, ಅಂದರೆ ಕಾಮಾಲೆಯೂ, ಇಳಿಯುವುದಿಲ್ಲ. ನಮ್ಮೂರು ಕೊಹಿನೂರಿನಲ್ಲಿ ಪಕ್ಕದ ಮನೆಯವಳು ರೋಗಿಗಳ ಅಂಗೈಗೆ ಆ ರಸ ತಿಕ್ಕಿ, ಸುಣ್ಣದ ನೀರು ಸುರಿದು, "ಇಳೀತು ನೋಡ್ರಿ" ಎನ್ನುತ್ತಿದ್ದಳು. ಹುಮನಾಬಾದಿನಿಂದಲೂ ಜನ ಬರುತ್ತಿದ್ದರು.

ಹೋದ ವರ್ಷ ಅವಳ ಕಣ್ಣುಗಳೇ ಹಳದಿಯಾದವು. ತಾನೇ ರಸ ತಿಕ್ಕಿಕೊಂಡು ಬಂದು ನನ್ನ ಮುಂದೆ ಕೈಯೊಡ್ಡಿದಳು.

"ಸುಣ್ಣದ ನೀರು ಹಾಕ್ರಿ, ಅಕ್ಕಾ."

"ಇದು ಹ್ಯಾಂಗ ಹಳದಿ ಆಗ್ತದ ಅಂತ ನಿನಗ ಗೊತ್ತಿಲ್ಲೇನ?"

"ಗೊತ್ತದ. ನೀವು ಹಾಕ್ರಿ."

ಸುರಿದೆ. ಹಳದಿ ನೀರು ಇಳಿಯುವುದನ್ನು ನೋಡುತ್ತಾ ಅವಳು ನೆಮ್ಮದಿಯ ನಿಟ್ಟುಸಿರು ಬಿಟ್ಟಳು.

ಮರುದಿನ ಬೆಳಗ್ಗೆ ಹೋಗಿ ಎಬ್ಬಿಸಿದೆ.

"ನಿನ್ನೆ ಇಳೀತಲ್ರಿ?"

"ಕೈಯಾಗಿಂದು ಇಳದದ, ಕಣ್ಣಾಗಿಂದು ಹಂಗೇ ಅದ. ದವಾಖಾನಿಗಿ ನಡಿ" ಎಂದು ಬಸವಕಲ್ಯಾಣದ ಬಸ್ಸು ಹತ್ತಿಸಿದೆ.